ದಪ್ಪ ನೀರು

ಬೊಂಡದ ನೀರು ಜೇನುತುಪ್ಪದ ಹಾಗೆ ಬೀಳುತ್ತಿತ್ತು. ಎಂಟು ಸೆಕೆಂಡಿನ ಒಂದು ಜಾಹೀರಾತು. ಕತ್ತಿ ಬೊಂಡದ ತಲೆ ಹಾರಿಸಬೇಕು, ಬೊಂಡ ಓರೆಯಾಗಬೇಕು, ನೀರು ಗಾಜಿನ ಲೋಟಕ್ಕೆ ಬೀಳಬೇಕು, ಒಂದೆರಡು ಹನಿ ಅಂಚಿನಿಂದ ಹೊರಗೆ ಸಿಡಿಯಬೇಕು. ಅಷ್ಟೇ. ಬೊಂಡ ಎಂದರೆ ನಮ್ಮ ಮಂಗಳೂರಿನಲ್ಲಿ ಎಳನೀರು. ಅದನ್ನು ಬಾಟಲಿಗೆ ತುಂಬಿ ಮಾರುವವರೊಬ್ಬರು ನಮ್ಮ ಸ್ಟುಡಿಯೋಗೆ ಕೆಲಸ ಕೊಟ್ಟಿದ್ದರು. ನಿಜವಾದ ಬೊಂಡವನ್ನೇ ಕಡಿದು ಕ್ಯಾಮೆರಾದಲ್ಲಿ ಹಿಡಿಯಬಾರದಾ ಎಂದು ಎಲ್ಲರೂ ಕೇಳುತ್ತಾರೆ. ಬಾಟಲಿಯವರಿಗೆ ಕ್ಯಾಮೆರಾ ಬೊಂಡದ ಹೊಟ್ಟೆಯೊಳಗಿಂದ ಹೊರಟು ನೀರಿನ ಜೊತೆಗೇ ಲೋಟಕ್ಕೆ ಇಳಿಯಬೇಕಿತ್ತು. ಹಾಗಾಗಿ ನೀರನ್ನು ಕಂಪ್ಯೂಟರಿನಲ್ಲಿ ಮಾಡಬೇಕು. ಕೊಡಿಯಾಲ್‌ಬೈಲಿನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಕೂತು ನಾನು ಮಾಡುವ ಕೆಲಸ ಅದೇ.

ಕಂಪ್ಯೂಟರಿನ ನೀರು ನಿಜವಾಗಿ ನೀರಲ್ಲ, ಲಕ್ಷಗಟ್ಟಲೆ ಸಣ್ಣ ಸಣ್ಣ ಕಣಗಳ ಗುಂಪು. ಒಂದೊಂದು ಕಣಕ್ಕೂ ತನ್ನ ಅಕ್ಕಪಕ್ಕದವು ಮಾತ್ರ ಗೊತ್ತು. ಪಕ್ಕದ್ದು ತೀರ ಹತ್ತಿರ ಬಂದರೆ ದೂಡಬೇಕು, ಅದು ಓಡಿದರೆ ತಾನೂ ಸ್ವಲ್ಪ ಓಡಬೇಕು, ಭೂಮಿ ಎಳೆದ ಕಡೆಗೆ ಬೀಳಬೇಕು. ಇಷ್ಟೇ ನಿಯಮ. ಇಷ್ಟು ನಿಯಮ ಇಟ್ಟುಕೊಂಡು ಅವು ಕೊಡುವ ಉಪದ್ರ ಮಾತ್ರ ಹೇಳಿ ಮುಗಿಯುವಂಥದ್ದಲ್ಲ. ಒಂದು ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ನಡುವಿನ ಕ್ಷಣ ತುಸು ದೊಡ್ಡದಾದರೆ ಸಾಕು, ಕಣಗಳು ಒಂದರೊಳಗೊಂದು ನುಗ್ಗಿ, ಮರುಕ್ಷಣ ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿದು ನಾಲ್ಕು ದಿಕ್ಕಿಗೂ ಹಾರುತ್ತವೆ. ಲೋಟದ ಗೋಡೆ ತೆಳುವಾದರೆ ಗೋಡೆಯ ಮೂಲಕವೇ ತೂರಿ ಹೊರಗೆ ಬೀಳುತ್ತವೆ. ಕೆಲವು ಸಲ ತುಂಬಿದ ಲೋಟ ನೋಡನೋಡುತ್ತಿದ್ದಂತೆ ಅರ್ಧಕ್ಕಿಳಿಯುತ್ತದೆ, ಉಳಿದ ನೀರು ಎಲ್ಲಿಗೆ ಹೋಯಿತೆಂದು ದೇವರಿಗೂ ಗೊತ್ತಿಲ್ಲ. ಇನ್ನು ಕೆಲವು ಸಲ ಎಲ್ಲವೂ ಸರಿಯಿದ್ದು ನೀರು ಮಾತ್ರ ಸುಮ್ಮನಾಗುವುದೇ ಇಲ್ಲ, ಒಲೆಯ ಮೇಲಿಟ್ಟ ಹಾಗೆ ಕೊತಕೊತ ಅನ್ನುತ್ತಲೇ ಇರುತ್ತದೆ. ಹದಿನಾಲ್ಕು ವರ್ಷ ಈ ಕಣಗಳ ಹಿಂದೆ ಓಡಿ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಮೊದಲೇ ನನ್ನದು ಮೂಗಿನ ತುದಿಯ ಕೋಪ.

"ಇದೆಂತ ಮೇಡಮ್? ನಮ್ಮದು ಬೊಂಡದ ನೀರು. ನೀವು ಬೆಲ್ಲದ ಪಾಕ ಮಾಡಿ ಕಳಿಸಿದ್ದೀರಲ್ಲ!" ಎಂದು ಬಾಟಲಿಯವರು ಫೋನಿನಲ್ಲಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನೀರು ಬೊಂಡದ ಬಾಯಿಗೆ ಬಂದು, ಯೋಚಿಸಿ, ಆಮೇಲೆ ಸೋಮಾರಿಯ ಹಾಗೆ ಕೆಳಗಿಳಿಯುತ್ತಿತ್ತು. ಲೋಟದ ತಳ ಮುಟ್ಟಿದ ಮೇಲೂ ಅಲೆ ಏಳಲು ಅದಕ್ಕೆ ಮನಸ್ಸಿರಲಿಲ್ಲ.

ಬೊಂಡ ಮತ್ತು ಲೋಟದ ಆಕಾರ ಮಾಡಿಕೊಟ್ಟವರು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಕೊಂಕಣಿ ಮನೆಮಾತಿನ ಕ್ರಿಶ್ಚಿಯನ್, ನನಗಿಂತ ಹತ್ತು ವರ್ಷ ದೊಡ್ಡವರು, ಗಲ್ಫಿನಲ್ಲಿ ಬಹಳ ಕಾಲ ಕಟ್ಟಡಗಳ ನಕ್ಷೆ ಬರೆದು ಊರಿಗೆ ಮರಳಿದವರು. ನನ್ನ ಬೈಗಳನ್ನು ನಗುತ್ತ ತಿನ್ನುವ ಒಬ್ಬರೇ ಒಬ್ಬರು ಆ ಆಫೀಸಿನಲ್ಲಿ.

"ದಪ್ಪ ಕಡಿಮೆ ಮಾಡು ಮಾರಾಯ್ತಿ. ಅದಕ್ಕೊಂದು ನಂಬರ್ ಉಂಟಲ್ಲ?"

"ಸೊನ್ನೆಗೆ ತಂದಾಯ್ತು. ಸೊನ್ನೆಯಿಂದ ಕೆಳಗೆ ಎಲ್ಲಿಗೆ ಇಳಿಸುವುದು, ನಿಮ್ಮ ತಲೆಗಾ?"

"ನನ್ನ ತಲೆ ಆಗಲೇ ಸೊನ್ನೆ" ಎಂದು ಅವರು ತಮ್ಮ ಬೋಳು ತಲೆ ಸವರಿಕೊಂಡರು.

ನಮ್ಮ ಕೆಲಸದಲ್ಲಿ ಒಂದು ಶಿಸ್ತು ಉಂಟು. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬುದು ಗೊತ್ತಾಗುವುದಿಲ್ಲ. ಕಣಗಳನ್ನು ಹೆಚ್ಚಿಸಿದೆ, ಏಕೆಂದರೆ ಕಣ ಕಡಿಮೆಯಾದರೂ ನೀರು ಅಂಟಂಟಾಗಿ ಕಾಣುತ್ತದೆ. ಲೆಕ್ಕದ ಕ್ಷಣವನ್ನು ಸಣ್ಣದು ಮಾಡಿದೆ. ಬೊಂಡದ ಒಳಗೋಡೆಯ ಜಾರಿಕೆ ಬದಲಿಸಿದೆ. ಕೆಳಗೆ ರಸ್ತೆಬದಿಯಲ್ಲಿ ಬೊಂಡದ ಗಾಡಿ ಇಟ್ಟುಕೊಂಡ ಕುದ್ರೋಳಿಯ ಬ್ಯಾರಿಯ ಹತ್ತಿರ ಹೋಗಿ, ಅವರು ಬೊಂಡ ಕಡಿದು ಸುರಿಯುವುದನ್ನು ಇಪ್ಪತ್ತು ಸಲ ಮೊಬೈಲಿನಲ್ಲಿ ಹಿಡಿದೆ. "ನಿಮಗೆ ಕುಡಿಯಲಿಕ್ಕಾ, ನೋಡಲಿಕ್ಕಾ?" ಎಂದು ಅವರು ನಕ್ಕರು. ಮೂರು ವಾರ ಹೀಗೆಯೇ ಹೋಯಿತು.

ಅದೇ ದಿನಗಳಲ್ಲಿ ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನಲ್ಲಿ ನಾನು ತೆಳು ನೀರನ್ನು ದಪ್ಪ ಮಾಡುತ್ತಿದ್ದೆ.

ಬೇಸಗೆ ಸುರುವಾಗುವಾಗ ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಎಡಗೈ ಎಡಗಾಲು ಸೋತವು, ಮಾತು ತೊದಲಿತು, ನುಂಗುವುದು ಕಷ್ಟವಾಯಿತು. ಆಸ್ಪತ್ರೆಯಲ್ಲಿ ಅದನ್ನು ಪರೀಕ್ಷೆ ಮಾಡಿದ ಸ್ಪೀಚ್ ಥೆರಪಿಸ್ಟ್ ಸಣ್ಣ ಪ್ರಾಯದವಳು, ತುಂಬ ತಾಳ್ಮೆಯವಳು. ಚಮಚದಲ್ಲಿ ನೀರು ಕೊಟ್ಟು ನೋಡಿದಳು, ಅಮ್ಮ ಕೆಮ್ಮಿ ಕೆಮ್ಮಿ ನೀಲಿಯಾದಳು. ಗಂಜಿಯ ಹಾಗೆ ದಪ್ಪ ಮಾಡಿ ಕೊಟ್ಟಾಗ ಸರಿಯಾಗಿ ಇಳಿಯಿತು.

"ನೀರು ಬೇಗ ಓಡ್ತದೆ ಮೇಡಮ್. ಗಂಟಲಿನ ಬಾಗಿಲು ಮುಚ್ಚುವ ಮೊದಲೇ ಶ್ವಾಸಕೋಶಕ್ಕೆ ಹೋಗಿ ಬಿಡ್ತದೆ. ದಪ್ಪ ಇದ್ದರೆ ನಿಧಾನ ಬರ್ತದೆ, ಅವರಿಗೆ ನುಂಗ್ಲಿಕ್ಕೆ ಸಮಯ ಸಿಗ್ತದೆ. ಕೆಮ್ಮು ಬರದಿದ್ರೂ ಒಳಗೆ ಹೋಗಿರಬಹುದು. ಹಾಗಾಗಿ ಕೆಮ್ಮಲಿಲ್ಲ ಅಂತ ಧೈರ್ಯ ಮಾಡ್ಬೇಡಿ" ಎಂದಳು. ಮತ್ತೆ ಚೀಟಿಯಲ್ಲಿ ಬರೆಯುತ್ತ, "ಆರು ವಾರ ಬಿಟ್ಟು ಪುನಃ ಕರ್ಕೊಂಡು ಬನ್ನಿ, ಇನ್ನೊಮ್ಮೆ ನೋಡುವ. ಕೆಲವರಿಗೆ ಬೇಗ ಸರಿ ಆಗ್ತದೆ" ಎಂದಳು.

ಇದು ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗಬೇಕು? ದಪ್ಪ, ವೇಗ, ಬಾಗಿಲು, ಸಮಯ. ಹೆದರಿಕೆಯ ನಡುವೆಯೂ ನನಗೆ ಒಂದು ಬಗೆಯ ಹುರುಪು ಬಂತು, ಸುಳ್ಳು ಹೇಳುವುದಿಲ್ಲ. ಔಷಧಿ ಅಂಗಡಿಯಿಂದ ಬಿಳಿ ಪೌಡರಿನ ಡಬ್ಬಿ ತಂದೆ. ಒಂದು ಲೋಟ ನೀರಿಗೆ ಎಷ್ಟು, ಚಹಾಕ್ಕೆ ಎಷ್ಟು, ಎಷ್ಟು ಹೊತ್ತು ಕಲಕಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನೀರುದೋಸೆಯ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆಯ ಹಿಟ್ಟಿಗಿಂತ ತೆಳು. ಚಮಚ ಓರೆ ಮಾಡಿ ಬೀಳುವ ರೀತಿ ನೋಡಿಯೇ ನಾನು ಹದ ಹೇಳುತ್ತಿದ್ದೆ.

ಹಗಲಿಗೆ ಅಮ್ಮನ ಜೊತೆ ಇರುತ್ತಿದ್ದವರು ದೊಡ್ಡಮ್ಮ, ಅಮ್ಮನ ಅಕ್ಕ. ಗಂಡ ಹೋದ ಮೇಲೆ ಪಕ್ಕದ ಓಣಿಯಲ್ಲೇ ಮನೆ ಮಾಡಿಕೊಂಡಿದ್ದವರು. ಅವರಿಗೆ ಆ ಡಬ್ಬಿ ಕಂಡರೆ ಆಗುತ್ತಿರಲಿಲ್ಲ. "ಕುಡಿಯುವ ನೀರಿಗೆ ಗೋಂದು ಹಾಕುವುದು ನಾನು ಎಲ್ಲಿಯೂ ಕಂಡಿಲ್ಲಪ್ಪ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ಹೇಳುವುದು ಇದಕ್ಕೇ" ಎಂದು ನನಗೆ ಕೇಳುವ ಹಾಗೆ ಗೊಣಗುತ್ತಿದ್ದರು. ಆದರೂ ನಾನು ಬರೆದಿಟ್ಟ ಅಳತೆ ಮೀರುತ್ತಿರಲಿಲ್ಲ.

ಅಮ್ಮನಿಗೆ ಅನ್ನ ಹೋದದ್ದು ಅಷ್ಟು ದೊಡ್ಡದಾಗಲಿಲ್ಲ. ಕುಚ್ಚಲಕ್ಕಿಯ ಗಂಜಿಯನ್ನು ಮಿಕ್ಸಿಯಲ್ಲಿ ರುಬ್ಬಿ ಕೊಟ್ಟರೆ ಮುಖ ಸಿಂಡರಿಸಿಯಾದರೂ ತಿನ್ನುತ್ತಿದ್ದಳು. ನೀರು ಹೋದದ್ದು ದೊಡ್ಡದಾಯಿತು. ಮಂಗಳೂರಿನ ಸೆಕೆ ಗೊತ್ತಲ್ಲ, ಸುಮ್ಮನೆ ಕೂತರೂ ಬೆನ್ನಿನಲ್ಲಿ ಬೆವರು ಹರಿಯುತ್ತದೆ. ದಪ್ಪ ನೀರು ಎಷ್ಟು ಕುಡಿದರೂ ಬಾಯಾರಿಕೆ ಹೋಗುವುದಿಲ್ಲ, ನಾನೇ ಒಮ್ಮೆ ಕುಡಿದು ನೋಡಿದ್ದೇನೆ. ನಾಲಗೆಗೆ ಸವರಿಕೊಳ್ಳುತ್ತದೆ, ಬಾಯಿ ತೊಳೆಯುವುದಿಲ್ಲ. ಮನೆಯಲ್ಲಿ ನಮ್ಮದು ತುಳು. ಅಮ್ಮನ ಮಾತನ್ನೆಲ್ಲ ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಇದೊಂದನ್ನು ಬಿಟ್ಟು. "ನೀರ್ ಬೋಡು." ನೀರು ಬೇಕು. ದಪ್ಪ ಮಾಡಿದ ಲೋಟ ಮುಂದೆ ಹಿಡಿದರೆ ಅದನ್ನು ನೋಡಿ, ನನ್ನನ್ನು ನೋಡಿ, ಪುನಃ ಅದನ್ನೇ ಹೇಳುತ್ತಿದ್ದಳು.

"ಇದೇ ನೀರು ಅಮ್ಮ."

"ಇದು ನೀರಲ್ಲ."

ಒಂದು ಭಾನುವಾರ ಮಧ್ಯಾಹ್ನ ಆಫೀಸಿನ ಕೆಲಸವನ್ನು ಮನೆಗೆ ತಂದಿದ್ದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಎದುರಿನ ಕುರ್ಚಿಯಲ್ಲಿ ಅಮ್ಮ. ಬಾಯಾರಿ ಕೂತವಳ ಕಣ್ಣೆದುರು ಬೊಂಡದ ನೀರನ್ನು ಲೋಟಕ್ಕೆ ಬೀಳಿಸಿ, ನಿಲ್ಲಿಸಿ, ಹಿಂದೆ ಎಳೆದು, ಪುನಃ ಬೀಳಿಸುತ್ತಿದ್ದೆ. ಇದು ಕ್ರೌರ್ಯ ಎಂಬುದು ಆಗ ತಲೆಗೆ ಹೊಳೆಯಲೂ ಇಲ್ಲ. ಅಮ್ಮ ಕತ್ತು ಚಾಚಿ ನಾಲ್ಕೈದು ಸಲ ನೋಡಿದಳು.

"ಇದು ಎಷ್ಟು ದೊಡ್ಡ ಬೊಂಡ?" ಎಂದಳು, ತೊದಲುತ್ತ, ಒಂದೊಂದೇ ಮಾತು ಹುಡುಕಿ.

"ಬೊಂಡದಷ್ಟೇ ದೊಡ್ಡ ಬೊಂಡ. ಸುಮ್ಮನೆ ಕೂತುಕೊ ಅಮ್ಮ, ನನಗೆ ತಲೆಬಿಸಿ ಉಂಟು."

"ಅಲ್ಲ ಮಗಾ. ನೀರು ದಪ್ಪ ಇಲ್ಲ. ತುಂಬ ಮೇಲಿನಿಂದ ಬೀಳ್ತಾ ಉಂಟು. ಟ್ಯಾಂಕಿ ಒಡೆದ ಹಾಗೆ."

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಮೂರು ವಾರದ ಸಿಟ್ಟೆಲ್ಲ ಇತ್ತು, ಏನಾದರೂ ಹೇಳಿಬಿಟ್ಟೇನು ಎಂದು ಎದ್ದು ಬಟ್ಟೆ ಒಣಹಾಕಲು ಹೋದೆ.

ಸೋಮವಾರ ಆಫೀಸಿನಲ್ಲಿ, ಬೇರೇನೂ ಉಳಿದಿರಲಿಲ್ಲವಾದ್ದರಿಂದ, ಬೊಂಡದ ಅಳತೆ ತೆಗೆದು ನೋಡಿದೆ. ಒಂದೂವರೆ ಮೀಟರ್! ಲೋಟ ನನ್ನ ಸೊಂಟಕ್ಕಿಂತ ಎತ್ತರ! ಕಟ್ಟಡದ ನಕ್ಷೆಯವರು ಎಲ್ಲವನ್ನೂ ಮಿಲಿಮೀಟರಿನಲ್ಲಿ ಬರೆಯುತ್ತಾರೆ, ಪಕ್ಕದ ಮೇಜಿನವರ ಕೈಗೆ ಆ ಅಭ್ಯಾಸ ಕೂತಿತ್ತು. ನನ್ನ ಕಡೆಯಲ್ಲಿ ಅದೇ ಸಂಖ್ಯೆಗಳು ಸೆಂಟಿಮೀಟರ್ ಆಗಿ ಬಂದಿದ್ದವು. ಎಲ್ಲವೂ ಹತ್ತು ಪಟ್ಟು ದೊಡ್ಡದಾಗಿ, ಒಂದಕ್ಕೊಂದು ಸರಿಯಾಗಿಯೇ ಇದ್ದವು. ಪರದೆಯ ಮೇಲೆ ಹೋಲಿಸಿ ನೋಡಲು ಬೇರೇನೂ ಇರಲಿಲ್ಲ. ಅಷ್ಟು ದೊಡ್ಡ ಬೊಂಡದಿಂದ ಅಷ್ಟು ದೊಡ್ಡ ಲೋಟಕ್ಕೆ ನೀರು ಬೀಳಲು ನಿಜವಾಗಿಯೂ ಅಷ್ಟು ಹೊತ್ತು ಬೇಕು. ನನ್ನ ನೀರು ಮೊದಲ ದಿನದಿಂದಲೂ ಸರಿಯಾಗಿಯೇ ಬೀಳುತ್ತಿತ್ತು. ನಾನು ನೀರನ್ನೇ ಮೂರು ವಾರ ಬೈದಿದ್ದೆ.

ಬೊಂಡ, ಲೋಟ, ಕಣ ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲಿಗೆ ತಂದು, ಲೆಕ್ಕದ ಕ್ಷಣವನ್ನು ಇನ್ನಷ್ಟು ಸಣ್ಣದು ಮಾಡಿ ಓಡಿಸಿದೆ. ನೀರು ಗಳಗಳ ಎಂದು ಬಿತ್ತು, ತಳಕ್ಕೆ ಹೊಡೆದು ಮೇಲೆದ್ದಿತು, ಮೂರು ಹನಿ ಅಂಚು ದಾಟಿ ಹಾರಿತು.

"ಅಯ್ಯೋ ದೇವಾ, ನನ್ನ ಗಲ್ಫಿನ ಮಿಲಿಮೀಟರ್!" ಎಂದು ಸಹೋದ್ಯೋಗಿ ಹಣೆ ಚಚ್ಚಿಕೊಂಡರು. "ಯಾರು ಕಂಡುಹಿಡಿದದ್ದು?"

"ನಾನೇ. ಇನ್ಯಾರು?"

ಯಾಕೆ ಹಾಗೆ ಹೇಳಿದೆ, ಇವತ್ತಿಗೂ ಗೊತ್ತಿಲ್ಲ. ಕೀರ್ತಿ ಸಿಗುವ ಜಾಗವೂ ಅದಲ್ಲ. ಅವರು ಪ್ರಾಯಶ್ಚಿತ್ತ ಎಂದು ಎಲ್ಲರನ್ನೂ ಕೆಳಗೆ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಬೊಂಡ ಕುಡಿಸಿದರು. ನಾನು ಎರಡು ಕುಡಿದೆ. ಸಂಜೆ ಮನೆಗೆ ಹೋಗಿ ಅಮ್ಮನ ಚಹಾಕ್ಕೆ ಪೌಡರ್ ಕಲಕಿದೆ. ಬೊಂಡ ಸರಿಯಾಯಿತು ಎಂದು ಅವಳಿಗೆ ಹೇಳಲೂ ಇಲ್ಲ.

ಆರು ವಾರ ತುಂಬಿದ್ದು ಜಾಹೀರಾತು ಕೊಡಬೇಕಾದ ವಾರದಲ್ಲೇ. ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿದೆ. ಮುಂದಿನ ಸಲ ಮಳೆ, ಅಮ್ಮನನ್ನು ಕಾರಿಗೆ ಹತ್ತಿಸಿ ಇಳಿಸುವುದು ಕಷ್ಟ ಎಂದೆ. ಆಮೇಲೆ ಫೋನ್ ಮಾಡುವುದನ್ನೂ ಬಿಟ್ಟೆ. ಇವೆಲ್ಲ ನೆಪ. ನಿಜ ಏನೆಂದರೆ, ಅಮ್ಮನಿಗೆ ಜ್ವರ ಬಂದಿರಲಿಲ್ಲ, ಕೆಮ್ಮು ಬಂದಿರಲಿಲ್ಲ, ನಾನು ಮಾಡಿದ ವ್ಯವಸ್ಥೆ ನಡೆಯುತ್ತಿತ್ತು. ನಮ್ಮ ಕೆಲಸದಲ್ಲಿ ಇನ್ನೊಂದು ನಿಯಮವೂ ಉಂಟು, ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇವೆ: ಓಡುತ್ತಿರುವುದನ್ನು ಮುಟ್ಟಬೇಡ. ಎಷ್ಟೋ ಕಷ್ಟಪಟ್ಟು ನೀರು ಲೋಟದಲ್ಲಿ ನಿಂತಿದೆ, ಇನ್ನೂ ಚಂದ ಮಾಡುತ್ತೇನೆ ಎಂದು ಕೈಹಾಕಿ ಎಲ್ಲ ಸಿಡಿಸಿಕೊಂಡವರು ಬೇಕಾದಷ್ಟು ಜನ. ನಾನು ಆ ನಿಯಮವನ್ನು ಅಮ್ಮನ ಗಂಟಲಿಗೂ ಹಚ್ಚಿದೆ. ಕಣಗಳಿಗೆ ಒಂದು ದಿನ ಇಟ್ಟ ಅಂಕಿ ಆರು ತಿಂಗಳ ಮೇಲೂ ಅದೇ ಇರುತ್ತದೆ. ಮನುಷ್ಯರ ಗಂಟಲು ಹಾಗಲ್ಲ ಎಂಬುದು ಇಷ್ಟು ಓದಿದವಳಿಗೆ ಗೊತ್ತಿರಬೇಕಿತ್ತು.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ, ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಬಚ್ಚಲಿನಲ್ಲಿ ನಳ್ಳಿ ಬಿಟ್ಟ ಶಬ್ದ ಕೇಳಿತು. ಹೋಗಿ ನೋಡಿದರೆ ಅಮ್ಮ ವಾಕರ್ ಹಿಡಿದುಕೊಂಡು ಅಲ್ಲಿಯವರೆಗೆ ನಡೆದಿದ್ದಳು. ಸೊಂಟವನ್ನು ವಾಶ್‌ಬೇಸಿನ್‌ಗೆ ಆನಿಸಿ, ಬಲ ಅಂಗೈಯನ್ನು ಗುಳಿ ಮಾಡಿ, ನೀರು ಕುಡಿಯುತ್ತಿದ್ದಳು. ಗಲ್ಲ, ಕುತ್ತಿಗೆ, ರವಿಕೆ ಎಲ್ಲ ಒದ್ದೆ. ಕಣ್ಣು ಮುಚ್ಚಿತ್ತು. ಅಂಗೈಯಲ್ಲಿದ್ದದ್ದನ್ನು ಪೂರಾ ನುಂಗಿದಳು. ಕೆಮ್ಮಲಿಲ್ಲ.

ನಾನು ಕಿರುಚಿದೆ. "ಸಾಯಬೇಕಾ ನಿನಗೆ? ನಾನು ಇಷ್ಟು ದಿನ ಕಾದದ್ದು ಇದಕ್ಕಾ?"

ಅಮ್ಮ ಬೆಚ್ಚಿ ಕೈ ಕೆಳಗೆ ಬಿಟ್ಟಳು. ಒದ್ದೆ ಗಲ್ಲ ಒರೆಸಿಕೊಂಡು ಹೇಳಿದಳು, "ನನ್ನ ಗಂಟಲು ನನಗೆ ಗೊತ್ತಾಗುವುದಿಲ್ಲವಾ ಮಗಾ? ಈಗ ಇಳೀತದೆ."

"ಗೊತ್ತಾಗುವುದಿಲ್ಲ. ಟೆಸ್ಟ್ ಮಾಡಿದವರಿಗೆ ಗೊತ್ತು. ಕೆಮ್ಮು ಬಾರದೆಯೂ ಒಳಗೆ ಹೋಗ್ತದೆ ಅಂತ ಅವಳು ಹೇಳಿದ್ದು ಕೇಳಲಿಲ್ಲವಾ ನೀನು?"

ಯಾವ ಟೆಸ್ಟ್? ಅದು ಮುಗಿದು ಮೂರೂವರೆ ತಿಂಗಳಾಗಿತ್ತು. ನಾನು ಬಗ್ಗಿ ಬೇಸಿನ್ನಿನ ಕೆಳಗಿನ ವಾಲ್ವ್ ತಿರುಗಿಸಿ ನೀರು ಬಂದ್ ಮಾಡಿದೆ. ಅಮ್ಮನ ಎದುರಿಗೇ ಮಾಡಿದೆ. ಎಷ್ಟು ಬಿಗಿಯಾಗಿ ತಿರುಗಿಸಿದೆನೆಂದರೆ ಬೆರಳು ಕೆಂಪಾಯಿತು. ಅವಳು ವಾಕರ್ ತಿರುಗಿಸಿಕೊಂಡು ಒಂದೊಂದೇ ಹೆಜ್ಜೆ ಕೋಣೆಗೆ ನಡೆದಳು. ನಾನು ಆಫೀಸಿಗೆ ಹೋದೆ.

ದೊಡ್ಡಮ್ಮನಿಗೆ ಅಮ್ಮನೇ ಹೇಳಿರಬೇಕು. ಸಂಜೆ ಬಾಗಿಲಲ್ಲೇ ನನ್ನನ್ನು ಹಿಡಿದರು. "ಅವಳು ಕುಡಿದಳು, ಏನಾಯ್ತು? ಜ್ವರ ಬಂತಾ? ಅಂಗೈ ಹುಣ್ಣು ನೋಡ್ಲಿಕ್ಕೆ ಕನ್ನಡಿ ಬೇಕಾ ನಿನಗೆ?"

"ನಿಮಗೆ ಇದೆಲ್ಲ ಅರ್ಥ ಆಗುವುದಿಲ್ಲ ದೊಡ್ಡಮ್ಮ. ಏನಾದ್ರೂ ಆದ್ರೆ ಆಸ್ಪತ್ರೆಗೆ ಓಡುವವಳು ನಾನು."

"ಓಡು. ಈಗಲೇ ಓಡು. ಪುನಃ ತೋರಿಸಬೇಕು ಅಂತ ಅವರೇ ಹೇಳಿರ್ಲಿಲ್ಲವಾ?"

ಒಳಗಿನಿಂದ ಅಮ್ಮನ ಸ್ವರ ಬಂತು. "ಬಿಡು ಅಕ್ಕ. ಅವಳನ್ನು ಬೈಬೇಡ."

ಅದಾದ ಮೇಲೆ ಅಮ್ಮ ನೀರು ಕೇಳುವುದನ್ನು ಬಿಟ್ಟಳು. ಕೊಟ್ಟ ದಪ್ಪ ನೀರನ್ನು ಕುಡಿಯುತ್ತಿದ್ದಳು, ಮೊದಲಿಗಿಂತ ಕಡಿಮೆ, ಆದರೆ ಗಲಾಟೆಯಿಲ್ಲದೆ. ನಾನು ಅದನ್ನು ನೋಡಿ ಸಮಾಧಾನಪಟ್ಟುಕೊಂಡೆ, ಅಭ್ಯಾಸ ಆಯಿತು ಎಂದುಕೊಂಡೆ. ಕೊನೆಗೆ ದೊಡ್ಡಮ್ಮನ ಬಾಯಿಗೆ ಹೆದರಿಯೇ ಆಸ್ಪತ್ರೆಗೆ ಫೋನ್ ಮಾಡಿದೆ. ಅದೇ ಥೆರಪಿಸ್ಟ್ ಎತ್ತಿದಳು, ಅಮ್ಮನನ್ನು ನೆನಪಿಟ್ಟುಕೊಂಡಿದ್ದಳು. "ಇಷ್ಟು ತಡ ಮಾಡಿದ್ರಾ? ಇಷ್ಟರಲ್ಲಿ ಸ್ವಲ್ಪ ಸ್ವಲ್ಪ ನೀರು ಸುರು ಮಾಡಬಹುದಿತ್ತೋ ಏನೋ. ನೋಡದೆ ಹೇಳ್ಲಿಕ್ಕೆ ಆಗುವುದಿಲ್ಲ. ಸೋಮವಾರ ಕರ್ಕೊಂಡು ಬನ್ನಿ" ಎಂದಳು. ಫೋನ್ ಇಟ್ಟ ಮೇಲೆ ಅಮ್ಮನಿಗೆ ಹೇಳಿದೆ, ಸೋಮವಾರ ಹೋಗುವ, ಅವರು ಹೇಳಿದರೆ ನಿನಗೆ ನೀರು ಕೊಡುತ್ತೇನೆ ಎಂದು. ಅಮ್ಮ ತಲೆಯಾಡಿಸಿದಳು. ಅವಳ ಮುಖದಲ್ಲಿ ಸಂತೋಷ ಹುಡುಕಿದೆ, ಸಿಗಲಿಲ್ಲ.

ಆ ಸೋಮವಾರ ಬರಲಿಲ್ಲ. ಗುರುವಾರ ಬೆಳಿಗ್ಗೆ ಅಮ್ಮನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಎರಡು ದಿನ ಐಸಿಯುನಲ್ಲಿಟ್ಟರು. ಹೃದಯ ತೀರ ಸೋತಿದೆ, ಮೂತ್ರಪಿಂಡವೂ ನಿಲ್ಲುತ್ತಾ ಬಂದಿದೆ ಎಂದರು. ಶನಿವಾರ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಇನ್ನು ಟ್ಯೂಬುಗಳಿಂದ ಅವರಿಗೆ ಹಿಂಸೆಯೇ ಹೊರತು ಪ್ರಯೋಜನವಿಲ್ಲ, ರೂಮಿಗೆ ತಂದು ನೀವು ಜೊತೆಗಿರಿ ಎಂದು ಮೆಲ್ಲಗೆ ಹೇಳಿದರು. ಆಗಲಿ ಎಂದು ಹೇಳಿದವಳು ನಾನೇ. ಆ ಒಂದು ಮಾತು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ, ಡಾಕ್ಟರು ಕಾದರು.

ರೂಮಿನಲ್ಲಿ ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಅಮ್ಮನ ಕಣ್ಣು ಅರ್ಧ ತೆರೆದಿತ್ತು. ಕರೆದರೆ ರೆಪ್ಪೆ ಅಲುಗುತ್ತಿತ್ತು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ದೊಡ್ಡಮ್ಮ ಮನೆಯಿಂದ ತುಳಸಿ ತಂದಿದ್ದರು. ಸ್ಟೀಲಿನ ಲೋಟಕ್ಕೆ ನೀರು ಬಗ್ಗಿಸಿ, ತುಳಸಿಯ ಎರಡು ದಳ ಹಾಕಿ, ಚಮಚವನ್ನು ನನ್ನ ಕೈಗೆ ಕೊಟ್ಟರು. ನಮ್ಮಲ್ಲಿ ಹೋಗುವ ಜೀವಕ್ಕೆ ಬಾಯಿಗೆ ನೀರು ಬಿಡುವುದು ಉಂಟು. ಅದು ಸಿಗದೆ ಹೋದವರನ್ನು ನೆನೆದು ಜನ ವರ್ಷಗಟ್ಟಲೆ ಕೊರಗುತ್ತಾರೆ.

"ಬಿಡು ಮಗಾ. ಮಗಳಲ್ಲವಾ ನೀನು, ಮೊದಲು ನೀನು."

ನಾನು ಲೋಟ ಕೈಗೆ ತೆಗೆದುಕೊಂಡೆ. ಚಮಚದಿಂದ ಒಮ್ಮೆ ಕಲಕಿ, ಎತ್ತಿ, ಓರೆ ಮಾಡಿ ನೋಡಿದೆ. ನೀರು ಸರ್ರನೆ ಬಿತ್ತು. ಲೋಟವನ್ನು ಕೆಳಗಿಟ್ಟು ನನ್ನ ಬ್ಯಾಗಿಗೆ ಕೈಹಾಕಿ ಹುಡುಕತೊಡಗಿದೆ.

"ಎಂತ ಹುಡುಕ್ತಿ?"

"ಪೌಡರ್ ತರ್ಲಿಲ್ಲ ದೊಡ್ಡಮ್ಮ" ಎಂದೆ.

ದೊಡ್ಡಮ್ಮ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬ್ಯಾಗನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿ ಬದಿಗಿಟ್ಟು, "ಬೇಡ ಮಗಾ. ಇನ್ನು ಅದು ಬೇಡ" ಎಂದರು. ಆಗ ನನಗೆ ಏನು ಮಾಡುತ್ತಿದ್ದೇನೆ ಎಂಬುದು ಗೊತ್ತಾಯಿತು. ಅಷ್ಟು ನಾಚಿಕೆ, ಅಷ್ಟು ದುಃಖ ನನಗೆ ಜೀವನದಲ್ಲಿ ಇನ್ಯಾವಾಗಲೂ ಆಗಿಲ್ಲ.

ಅರ್ಧ ಚಮಚ ನೀರನ್ನು ಅಮ್ಮನ ತುಟಿಗೆ ಹಿಡಿದೆ. ಸ್ವಲ್ಪ ಗಲ್ಲಕ್ಕೆ ಬಿತ್ತು. ಉಳಿದದ್ದು ಒಳಗೆ ಹೋಯಿತು. ಗಂಟಲು ಒಮ್ಮೆ ಮೇಲೆದ್ದು ಇಳಿಯಿತು. ನಾನು ಕೆಮ್ಮಿಗಾಗಿ ಕಾದೆ. ಕೆಮ್ಮು ಬರಲಿಲ್ಲ. ಎರಡನೆಯದೂ ಇಳಿಯಿತು. ಮೂರನೆಯದೂ ಇಳಿಯಿತು.

ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಅಳತೊಡಗಿದರು. "ನೀನಿಲ್ಲದಾಗ ಎಷ್ಟು ಸಲ ಲೋಟ ಹಿಡಿದುಕೊಂಡು ಹೋಗಿದ್ದೇನೆ ಇವಳ ಹತ್ತಿರ. ಒಂದು ಗುಟುಕು ಕುಡಿ, ಅವಳಿಗೆ ನಾನು ಹೇಳುವುದಿಲ್ಲ ಅಂತ. ಮುಟ್ಟಲಿಲ್ಲ ಮಗಾ. ಬೇಡ ಅಕ್ಕ, ನೀರಿನ ವಿಷಯ ನಮಗಿಂತ ಅವಳಿಗೆ ಗೊತ್ತುಂಟು, ಅವಳ ಕೆಲಸವೇ ಅದಲ್ಲವಾ ಅಂತ ಹೇಳಿದಳು."

ಪುನಃ ಚಮಚ ತುಂಬಿದೆ. ತುಟಿಗೆ ತಾಗಿಸುವ ಮೊದಲೇ ಅಮ್ಮ ತಾನಾಗಿ ಬಾಯಿ ತೆರೆದಳು. ಅದು ನಾಲ್ಕನೆಯದು. ಐದನೆಯದು ನನ್ನ ಕೈಯಲ್ಲೇ ಉಳಿಯಿತು.